ಹೊನ್ನರಾಜ ಅಂದ ಹೂಂ

ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ರಾಜ, ಹೊನ್ನರಾಜ ಅಂತ. ಅವನ ಕೈಲೊಂದು ಫೋನು. ನಗಬೇಡ್ರಪ್ಪ, ರಾಜರ ಕೈಲಿ ಫೋನು ಇರಬಾರ್ದು ಅಂತ ಎಲ್ಲಿದೆ? ಆ ಫೋನಿನೊಳಗೆ ಅದನ್ನ ನಡೆಸೋಕೆ ಒಬ್ಬ ಆಳು. ಓಎಸ್ ಅಂತ ಅವನ ಹೆಸರು. ಫೋನು ಮಾರಿದ ಬೆರಗಪ್ಪನೇ ಆಳನ್ನೂ ಕಳಿಸ್ತಿದ್ದ.

ರಾಣಿ ತುಂಗವ್ವಂಗೆ ಮೊದಲಿಂದ್ಲೂ ಗುಮಾನಿ. "ಪುಕ್ಕಟೆ ಆಳು ಯಾರಾದ್ರೂ ಕೊಡ್ತಾರೇನ್ರೀ? ಬೆಳ್ಳಗಿರೋದೆಲ್ಲ ಹಾಲಲ್ಲ" ಅಂತಿದ್ಲು. ರಾಜ ನಕ್ಕುಬಿಡ್ತಿದ್ದ.

ಮೊದಲನೇ ಆಳು ಪಾಪದವನು. ಗುಂಡಿ ಒತ್ತಿದ್ರೆ ಮಾತು ಮುಟ್ಟಿಸ್ತಿದ್ದ, ಗಂಟೆ ಎಷ್ಟು ಅಂತ ಹೇಳ್ತಿದ್ದ, ಅಷ್ಟೆ. ಸ್ವಲ್ಪ ಕಾಲಕ್ಕೆ ಬೆರಗಪ್ಪ ಅವನನ್ನ ವಾಪಸ್ ಕರೆಸಿಕೊಂಡು ಎರಡನೆಯವನನ್ನ ಕಳಿಸ್ದ. ಇವನಿಗೆ ಗುಂಡಿ ಬೇಡ, ಬೆರಳಲ್ಲಿ ಸವರಿದ್ರೆ ಸಾಕು. ದಾರಿ ತೋರಿಸ್ತಿದ್ದ, ಚಿತ್ರ ತೆಗೀತಿದ್ದ. ಆಮೇಲೆ ಮೂರನೆಯವನು ಬಂದ. ಅವನು ಮುಖ ನೋಡಿಯೇ ಗುರುತು ಹಿಡೀತಿದ್ದ, ಕರೆದ್ರೆ ಓ ಅಂತಿದ್ದ, ಕೋಟೆ ಬಾಗಿಲನ್ನೂ ಒಳಗಿಂದ್ಲೇ ತೆಗೆದು ಮುಚ್ಚಿ ಮಾಡ್ತಿದ್ದ.

ಬರೋವಾಗ ಪ್ರತಿಯೊಬ್ಬನೂ ಉದ್ದಾನುದ್ದ ಕರಾರು ಓದ್ತಿದ್ದ. ಆ ಸೀಮೆಯವರಿಗೋ ಒಂದು ಅಭ್ಯಾಸ. ಯಾರು ಉದ್ದಕ್ಕೆ ಹೇಳೋಕೆ ಕೂತ್ರೂ ಕಥೆ ಕೇಳೋ ಹಾಗೆ ಹೂಂಗುಟ್ಟೋದು. ಹೂಂಗುಟ್ಟದಿದ್ರೆ ಹೇಳೋರಿಗೆ ಅವಮಾನ.

"ನಿಮ್ಮ ನಂಟರಿಷ್ಟರ ಹೆಸರೆಲ್ಲ ನನಗೆ ಗೊತ್ತಿರಬೇಕು" ಅಂದ ಮೊದಲನೆಯವನು.

"ಹೂಂ" ಅಂದ ರಾಜ.

"ನೀವು ಹೋದಲ್ಲೆಲ್ಲ ನಾನೂ ಬರ್ತೀನಿ" ಅಂದ ಎರಡನೆಯವನು.

"ಹೂಂ."

"ಕೋಟೆ ಬಾಗಿಲು ಇನ್ಮೇಲೆ ನನ್ನ ಒಡೆಯ ಬೆರಗಪ್ಪನ ಮಾತಿಗೆ ಮಾತ್ರ ತೆರೀಬೇಕು" ಅಂದ ಮೂರನೆಯವನು. ರಾಜ ತೂಕಡಿಸ್ತಾ ಇದ್ದ.

"ಹೂಂ."

ಬೆಳಗಾಗೆದ್ದು ನೋಡಿದ್ರೆ ಕೋಟೆ ಬಾಗಿಲು ಜಪ್ಪಯ್ಯ ಅಂದ್ರೂ ತೆಗೀಲಿಲ್ಲ. ಕೆರೆ ಹೊರಗಡೆ, ಜನ ಒಳಗಡೆ. ಕೂಸುಗಳು ನೀರಿಗೆ ಅಳ್ತಾ ಇದ್ವು.

ಬೆರಗಪ್ಪ ತನಗಷ್ಟೇ ಬಾಗಿಲು ತೆರೆಸಿಕೊಂಡು, ಮೀಸೆ ತಿರುವುತ್ತಾ ಅರಮನೆಗೆ ಬಂದ. "ರಾಜ್ಯ ನನಗೆ ಕೊಡಿ, ಬಾಗಿಲು ತೆಗೀತೀನಿ. ದೊರೆಗಳೇ ಹೂಂ ಅಂದಿದಾರೆ. ಹೂಂ ಅಂದ್ರೆ ಒಪ್ಪಿಗೆ ತಾನೆ?"

ರಾಜ ತಲೆ ತಗ್ಗಿಸ್ದ. ತುಂಗವ್ವ ಮಾತ್ರ ಕೇಳಿದ್ಲು. "ನಿಮ್ಮ ಆಳಿಗೂ ಇದೇ ಕಾನೂನಾ ಅಣ್ಣಾ?"

"ಅವನಿಗೆ ಹೂಂಗೆ ಬೇರೆ ಅರ್ಥವೇ ಗೊತ್ತಿಲ್ಲ ತಾಯಿ."

"ಹಾಗಾದ್ರೆ ಸರಿ. ಊಟ ಮಾಡಿ, ಆಮೇಲೆ ಮಾತಾಡೋಣ."

ತುಪ್ಪ ಸುರಿದು ಸುರಿದು ಹೋಳಿಗೆ ಬಡಿಸಿದ್ಲು. ಎಲೆ ಅಡಿಕೆ ಕೊಟ್ಲು. ರಾಜನ ಫೋನನ್ನ ಪಕ್ಕದಲ್ಲೇ ಇಟ್ಟುಕೊಂಡು, ಹೊತ್ತು ಹೋಗ್ಲಿ ಅಂತ ಒಂದು ಕಥೆ ತೆಗೆದ್ಲು.

"ಬೆರಗಪ್ಪ ಅಂತ ಒಬ್ಬ ಇದ್ನಂತೆ."

"ಹೂಂ" ಅಂದ ಬೆರಗಪ್ಪ. ಕಣ್ಣು ಎಳೀತಾ ಇತ್ತು.

"ಅವನು ಫೋನು ಮಾರ್ತಿದ್ನಂತೆ."

"ಹೂಂ."

"ಕೋಟೆ ಬಾಗಿಲನ್ನ ತುಂಗವ್ವಂಗೆ ಒಪ್ಪಿಸಿ, ತನ್ನ ಆಳನ್ನೂ ಅವಳ ಕೈಕೆಳಗೆ ಬಿಟ್ಟನಂತೆ."

"ಹೂಂ."

ಫೋನಿನೊಳಗಿನ ಆಳು ಕಿವಿಗೊಟ್ಟು ಕೇಳ್ತಾನೇ ಇದ್ದ. "ಒಪ್ಪಿಗೆ ಆಯ್ತು" ಅಂದ. ಕೋಟೆ ಬಾಗಿಲು ಕಿರ್ರಂತ ತೆರೀತು. ಜನ ಕೊಡ ಹಿಡಕೊಂಡು ಕೆರೆಗೆ ಓಡಿದ್ರು.

"ತಾಯಿ, ನಾನು ಕಥೆಗೆ ಹೂಂ ಅಂದಿದ್ದು" ಅಂತ ಬೆರಗಪ್ಪ ಬಾಯಿ ಬಡಕೊಂಡ.

"ನಮ್ಮನೆಯವರೂ ಹಾಗೇ ಅಂದಿದ್ದು ಕಣಣ್ಣ" ಅಂದ್ಲು ತುಂಗವ್ವ. ಅದೇ ಬಾಗಿಲಲ್ಲಿ ಅವನನ್ನ ಹೊರಗೆ ಕಳಿಸಿದ್ಲು.

ಅದಕ್ಕೇ ಮಕ್ಕಳೇ, ಎಷ್ಟೇ ಹೊಸ ಆಳು ಬರ್ಲಿ, ಎಷ್ಟೇ ಜಾಣನಾಗಿರ್ಲಿ, ಮೊದ್ಲು ಅವನ ಒಡೆಯ ಯಾರು ಅಂತ ಕೇಳಿ. ಕಥೆಗೆ ಹೂಂ ಅನ್ನಿ. ಕರಾರಿಗೆ, ಪೂರ್ತಿ ತಿಳಿಯೋವರೆಗೂ, ಊಹೂಂ.