ಗಾಣದ ಹಸು ಕೇಳಿದ ಹಿಂಡಿ

ಒಂದು ಎತ್ತು, ಒಂದು ಹಸು ಒಂದೇ ನೊಗದಲ್ಲಿ ಗಾಣ ಸುತ್ತುತ್ತಿದ್ದವು. ಕಣ್ಣಿಗೆ ಬಟ್ಟೆ ಕಟ್ಟಿದ್ದರಿಂದ ಒಂದರ ಮೇವು ಇನ್ನೊಂದಕ್ಕೆ ಕಾಣುತ್ತಿರಲಿಲ್ಲ.

"ದಿನಾ ನನಗಿಂತ ಮೊದಲೇ ತಿಂದು ಮುಗಿಸುತ್ತೀಯಲ್ಲ ಅಕ್ಕಾ, ಅಷ್ಟೇನು ಆತುರ?" ಎಂದು ಎತ್ತು ಛೇಡಿಸಿತು.

"ಒಂದು ತುಂಡು ಹಿಂಡಿಗೆ ಎಷ್ಟು ಹೊತ್ತು ಬೇಕು ತಮ್ಮಾ?"

ಎತ್ತಿಗೆ ನಾಚಿಕೆಯಾಯಿತು. "ನನಗೆ ಎರಡು ಹಾಕುತ್ತಾರೆ. ನನ್ನದರಲ್ಲೇ ಸ್ವಲ್ಪ ತಗೋ."

"ನಿನ್ನ ಹೊಟ್ಟೆಯದು ನನಗೆ ಬೇಡ. ನಾನು ಸುತ್ತಿದ್ದಕ್ಕೆ ಬರಬೇಕಾದ್ದು ಬರಲಿ," ಎಂದು ಹಸು ನಿಂತುಬಿಟ್ಟಿತು.

ಗಾಣಿಗ ಎತ್ತಿನ ಬೆನ್ನು ತಟ್ಟಿ, "ಹಸುವಿಗೆ ಅಷ್ಟು ಸಾಕು. ನೀನು ನಡಿಯೋ," ಎಂದ.

"ಅಕ್ಕ ಹೆಜ್ಜೆ ಇಟ್ಟರೆ ನಾನೂ ಇಡುತ್ತೇನೆ, ಯಜಮಾನರೇ."

ಸಂಜೆಯವರೆಗೂ ಒಂದು ತೊಟ್ಟು ಎಣ್ಣೆ ಇಳಿಯಲಿಲ್ಲ. ಗಾಣಿಗ ಎರಡನೆಯ ತುಂಡನ್ನು ತಂದು ಹಸುವಿನ ಮುಂದಿಟ್ಟ. ಹಸು ಅದನ್ನು ತಿಂದು, "ನಡಿ ತಮ್ಮಾ," ಎಂದಿತು. ಆಗ ಗಾಣ ತಿರುಗಿತು.