ಪೀಠದ ಮೇಲಿನ ರುಮಾಲು

“ಗುರುಗಳೇ, ನಮ್ಮ ಊರಿನ ಮಕ್ಕಳ ನ್ಯಾಯಾಲಯದಲ್ಲಿ ನ್ಯಾಯಾಧೀಶರ ಜಾಗ ಖಾಲಿ ಬಿದ್ದಿದೆ. ಕಾಯಂ ಆಗಿ ಒಬ್ಬರು ಬರುವ ತನಕ ಕೂತಿರಿ ಎಂದು ನನ್ನನ್ನು ಕರೆದಿದ್ದಾರೆ. ನಾಲ್ಕು ದಿನದ ಹಂಗಾಮಿ ನಾನು. ತೀರ್ಪಿನ ಗೊಡವೆಗೆ ಹೋಗದೆ, ಎಲ್ಲವನ್ನೂ ಬರುವವರಿಗೆ ಕಾದಿರಿಸಿದರೆ ಅದೇ ಧರ್ಮವಲ್ಲವೇ?” ಎಂದು ವಕೀಲನಾಗಿದ್ದ ಶಿಷ್ಯ ಶಿವಲಿಂಗಯ್ಯ ಕೇಳಿದ.

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಮಕ್ಕಳ ತಪ್ಪು ಒಪ್ಪು ನೋಡಲೆಂದೇ ಬೇರೆ ನ್ಯಾಯಪೀಠವಿತ್ತು. ಅಲ್ಲಿನ ನ್ಯಾಯಾಧಿಕಾರಿ ತೀರಿಕೊಂಡ. ಹೊಸಬ ಸಿಗುವ ತನಕ ನೀನೇ ತೀರ್ಪು ಕೊಡು ಎಂದು ಅರಸ ಒಬ್ಬ ವರ್ತಕನಿಗೆ ಅಪ್ಪಣೆ ಮಾಡಿದ. ವರ್ತಕ ಸಜ್ಜನ, ತಕ್ಕಡಿ ಹಿಡಿದರೆ ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ಆದರೆ ಅವನಿಗೊಂದು ಭಯ. ತಾನು ಕೊಟ್ಟ ತೀರ್ಪನ್ನು ನಾಳೆ ಬಂದವನು ಆಡಿಕೊಂಡರೆ? ಅದಕ್ಕೆ ಅವನು ತೀರಿಕೊಂಡವನ ರುಮಾಲನ್ನು ತರಿಸಿ ಪೀಠದ ಮೇಲಿಟ್ಟು, ತಾನು ಕೆಳಗೆ ಚಾಪೆಯ ಮೇಲೆ ಕುಳಿತ. ನೋಡಿದವರು “ಎಂಥ ವಿನಯ!” ಎಂದರು. ಭಯಕ್ಕೆ ವಿನಯವೆಂಬ ಹೆಸರು ಸಿಕ್ಕಿದ್ದು ಅವನಿಗೂ ಹಿತವಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಒಬ್ಬ ಹುಡುಗಿಯ ಮೇಲೆ ಬೆಳ್ಳಿಯ ಬಟ್ಟಲು ಕದ್ದ ದೂರಿತ್ತು. ತೀರ್ಪಾಗುವ ತನಕ ಅವಳು ಊರಾಚೆಯ ರಕ್ಷಣಾಲಯದಲ್ಲಿರಬೇಕು. ಹೆತ್ತವರೂ ಅವಳನ್ನು ಕಾಣುವಂತಿಲ್ಲ. ಬಟ್ಟಲು ಆಮೇಲೆ ದೂರು ಕೊಟ್ಟವರ ಅಟ್ಟದಲ್ಲೇ ಸಿಕ್ಕಿತು. ಆದರೂ ಪೀಠದಿಂದ ಒಂದು ಮಾತು ಬರಬೇಕಲ್ಲ! ಹುಡುಗಿಯದು ತಪ್ಪಿಲ್ಲವೆಂದು ವರ್ತಕನಿಗೆ ಮನವರಿಕೆಯಾಗಿತ್ತು.

ತಾಯಿ ಬಂದು ಕೈಮುಗಿದಳು. “ಒಡೆಯಾ, ಒಂದು ಮಾತು ಹೇಳಿಬಿಡಿ. ಮಗಳನ್ನು ಕರೆದುಕೊಂಡು ಹೋಗುತ್ತೇನೆ.”

“ನನ್ನ ಕರುಳೂ ಚುರುಕ್ ಎನ್ನುತ್ತದೆ ತಾಯಿ. ಏನು ಮಾಡಲಿ, ನಾನು ಹಂಗಾಮಿ. ಕಾಯಂ ಆದವರು ಬರಲಿ.”

ಕರುಳು ಚುರುಕ್ ಎಂದದ್ದು ಸುಳ್ಳಲ್ಲ. ಅಂದು ಅವನಿಗೆ ಊಟ ಸೇರಲಿಲ್ಲ. ಮರುದಿನ ಸೇರಿತು. ಅರಸನಿಗೆ ಬೇರೆ ನೂರೆಂಟು ಕೆಲಸ. ಹೊಸಬನನ್ನು ಆರಿಸಲು ಮೀನಮೇಷ ಎಣಿಸುತ್ತಲೇ ಇದ್ದ. ತಾಯಿ ಬರುತ್ತಿದ್ದಳು, ಅದೇ ಉತ್ತರ ಕೇಳಿ ಹೋಗುತ್ತಿದ್ದಳು. ಹೀಗೆ ವರ್ಷಗಳು ಉರುಳಿದವು.

ಕೊನೆಗೂ ಹೊಸ ನ್ಯಾಯಾಧಿಕಾರಿ ಬಂದ. ರುಮಾಲನ್ನು ಎತ್ತಿ ಪಕ್ಕಕ್ಕಿಟ್ಟು ಕುಳಿತ. ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ದೂರು ಕೇಳಿ, “ಈ ಮಗುವಿನದು ತಪ್ಪಿಲ್ಲ, ಮನೆಗೆ ಕಳಿಸಿ” ಎಂದ. ವರ್ತಕನ ಎದೆಯ ಭಾರ ಇಳಿಯಿತು. ತಾನೂ ಹಾಗೆಯೇ ಎಣಿಸಿದ್ದೆನಲ್ಲ ಎಂದು ಹೆಮ್ಮೆಯೂ ಆಯಿತು. ತಾಯಿ ಮಗಳು ಕೂಡುವುದನ್ನು ಕಣ್ಣಾರೆ ನೋಡೋಣವೆಂದು ರಕ್ಷಣಾಲಯಕ್ಕೆ ಹೋದ.

ತಾಯಿ ಒಂದು ಪುಟ್ಟ ಲಂಗವನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಒಳಗಿನಿಂದ ಅವಳಿಗಿಂತ ಎತ್ತರದ ಹೆಂಗಸೊಬ್ಬಳು ಬಂದಳು. ತಾಯಿ ಸರಿದು ದಾರಿ ಬಿಟ್ಟು, ಅವಳ ಬೆನ್ನ ಹಿಂದೆ ಮಗಳಿಗಾಗಿ ಇಣುಕಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿವಲಿಂಗಯ್ಯ ಮತ್ತೆ ಕೇಳಿದ.

“ಆದರೂ ಗುರುಗಳೇ, ವರ್ತಕ ತಪ್ಪು ತೀರ್ಪನ್ನೇನೂ ಕೊಡಲಿಲ್ಲ. ಅವನು ಹಂಗಾಮಿ ತಾನೇ?”

“ಅವನು ಹಂಗಾಮಿ, ಸರಿ, ಆ ಹುಡುಗಿಯ ಬಾಲ್ಯ ಕಾಯಂ ಆಗಿತ್ತೇನಯ್ಯ?”