ಡೊಳ್ಳಿನವರು, ಮೌನದವರು ಮತ್ತು ಮಂಡಕ್ಕಿ ನೀಲಗಂಗವ್ವ

ಎಲ್ಲೋ ಒಂದು ಊರಂತೆ. ಅದು ಯಾವ ದಿಕ್ಕಿಗಿದೆ ಅಂತ ಹೇಳಿದವರಿಲ್ಲ, ಹುಡುಕಿಕೊಂಡು ಹೋದವರೂ ಇಲ್ಲ. ಊರ ಹಿಂದೆ ಒಂದು ಗುಡ್ಡ, ಗುಡ್ಡದ ಮೇಲೆ ಒಬ್ಬ ತಾಯಿ. ಅವಳಿಗೆ ಗುಡಿಯಿಲ್ಲ, ಗೋಪುರವಿಲ್ಲ. ಒಂದು ಕಲ್ಲು, ಕಲ್ಲಿಗೆ ಒಂದಿಷ್ಟು ಕುಂಕುಮ, ಅಷ್ಟೇ. ತಾಯಿ ಒಬ್ಬಳೇ ಆದರೂ ಊರು ಮಾತ್ರ ಎರಡಾಗಿತ್ತಂತೆ.

ಮೇಲಿನ ಕೇರಿಯವರು, "ತಾಯಿ ಏಳಬೇಕು ಅಂದ್ರೆ ಡೊಳ್ಳು ಬಡೀಬೇಕು" ಅನ್ನುತ್ತಿದ್ದರಂತೆ. ಕೆಳಗಿನ ಕೇರಿಯವರು, "ತಾಯಿ ಮುಂದೆ ಸದ್ದು ಮಾಡೋದು ಅಂದ್ರೇನು? ಬಾಯಿ ಮುಚ್ಚಿ ಕೂತ್ಕೋಬೇಕು" ಅನ್ನುತ್ತಿದ್ದರಂತೆ. ಅವರು ಡೊಳ್ಳಿನವರು, ಇವರು ಮೌನದವರು. ಹಿಂದೆಲ್ಲ ಅವರ ಹೆಣ್ಣು ಇವರಿಗೆ, ಇವರ ಹೆಣ್ಣು ಅವರಿಗೆ, ನಗುನಗುತ್ತ ಕೊಟ್ಟು ತಂದು ಮಾಡುತ್ತಿದ್ದರು. ಹಾಗೆ ಕೊಟ್ಟು ತಂದ ಹೆಣ್ಣುಗಳಲ್ಲಿ ನೀಲಗಂಗವ್ವನೂ ಒಬ್ಬಳು. ಹುಟ್ಟಿದ್ದು ಮೌನದವರ ಮನೆಯಲ್ಲಿ, ಸೇರಿದ್ದು ಡೊಳ್ಳಿನವರ ಮನೆ. ಗಂಡ ತೀರಿಹೋದ ಮೇಲೆ ಮಂಡಕ್ಕಿ ಭಟ್ಟಿ ಇಟ್ಟುಕೊಂಡು ಬದುಕುತ್ತಿದ್ದಳು. ಅವಳ ಮನೆ ಎರಡು ಕೇರಿಗಳ ನಟ್ಟನಡುವೆ. ಮುಂಬಾಗಿಲು ಮೇಲಿನ ಕೇರಿಗೆ, ಹಿಂಬಾಗಿಲು ಕೆಳಗಿನ ಕೇರಿಗೆ. ಎರಡು ಬಾಗಿಲಲ್ಲೂ ಬಿಸಿ ಮಂಡಕ್ಕಿ ಹೋಗುತ್ತಿತ್ತು, ಎರಡು ಬಾಗಿಲಲ್ಲೂ ಊರ ಸುದ್ದಿ ಒಳಗೆ ಬರುತ್ತಿತ್ತು.

ಹೀಗಿರಲಾಗಿ ಒಂದು ದಿನ, ಮೌನದವರು ಅವಳ ಹಿತ್ತಲ ಬಯಲಲ್ಲಿ ಗುಡ್ಡಕ್ಕೆ ಮುಖ ಮಾಡಿ ಕಣ್ಣುಮುಚ್ಚಿ ಕೂತಿದ್ದರಂತೆ. ಅದೇ ಹೊತ್ತಿಗೆ ಡೊಳ್ಳಿನವರು ಡಂ ಡಂ ಡಂ ಅಂತ ಅದೇ ಬಯಲಿಗೆ ಬಂದರಂತೆ. ಯಾರು ಏನು ಅಂದರೋ, ಯಾರು ಕೈ ಎತ್ತಿದರೋ! ಅತ್ತಲಿಂದ ಒಂದು ಕಲ್ಲು ಬಂತು, ಡೊಳ್ಳು ಹರಿಯಿತು. ಇತ್ತಲಿಂದ ಡೊಳ್ಳು ಬಡಿಯೋ ಗುಣಿಕೋಲೊಂದು ಹಾರಿತು, ಮೌನದವರ ಹಿರಿಯ ಸಾತಗೌಡನ ತಮ್ಮನ ಮುಂದಿನ ಹಲ್ಲು ಉದುರಿದವು.

ಅಲ್ಲಿಗೆ ಮುಗಿಯಿತು. ಮಾತು ನಿಂತಿತು. ಬಾವಿಗೆ ಬೇಲಿ ಬಂತು. ಗೊತ್ತಾಗಿದ್ದ ಮದುವೆಗಳು ಮುರಿದುಬಿದ್ದವು. ಮೇಲಿನ ಕೇರಿಯ ನಾಯಿ ಕೆಳಗಿನ ಕೇರಿಗೆ ಹೋದರೆ ಅದಕ್ಕೂ ಏಟು. ಯಾರನ್ನು ಕೇಳಿದರೂ ಒಂದೇ ಮಾತು: "ಮೊದಲು ಮಾಡಿದೋರು ಅವರು!"

ಈಗ ಎಲ್ಲರ ಕಣ್ಣು ನೀಲಗಂಗವ್ವನ ಮೇಲೆ ಬಿತ್ತು. ಬಯಲಿಗೆ ತಾಗಿದ ಮನೆ ಅವಳದೊಂದೇ. ಅವಳು ನೋಡಿರಲೇಬೇಕು!

"ಅಯ್ಯೋ, ನಾನು ಭಟ್ಟಿ ಮುಂದೆ ಇದ್ದೆ ಕಣ್ರಪ್ಪ. ಗಲಾಟೆ ಕೇಳಿ ತಿರುಗೋಷ್ಟರಲ್ಲಿ ಎಲ್ಲ ಮುಗಿದಿತ್ತು" ಅಂತ ಅವಳು ಹೇಳಿದ್ದೇ ಹೇಳಿದ್ದು. ನಂಬುವವರು ಯಾರು?

ಡೊಳ್ಳಿನವರ ಹಿರಿಯ ಬರಮಗೌಡ ಮುಂಬಾಗಿಲಿಗೆ ಬಂದ. "ನೀನು ನಮ್ಮನೆ ಸೊಸೆ. ಆ ಹಿಂಬಾಗಿಲು ಮುಚ್ಚಿಬಿಡು."

ಸಾತಗೌಡ ಹಿಂಬಾಗಿಲಿಗೆ ಬಂದ. "ನೀನು ನಮ್ಮನೆ ಮಗಳು. ಆ ಮುಂಬಾಗಿಲು ಮುಚ್ಚಿಬಿಡು."

ಅವಳು ಎರಡನ್ನೂ ಮುಚ್ಚಲಿಲ್ಲ. "ಭಟ್ಟಿ ಹೊಗೆ ಹೋಗೋದು ಹೆಂಗೆ ಗೌಡ್ರೆ?" ಅಂದಳು. ಅವತ್ತಿನಿಂದ ಎರಡೂ ಕೇರಿಯವರು ಅವಳ ಮಂಡಕ್ಕಿ ಬಿಟ್ಟರಂತೆ. ಮೇಲಿನವರು ಅವಳನ್ನು ಕೆಳಗಿನವಳು ಅಂದರು, ಕೆಳಗಿನವರು ಮೇಲಿನವಳು ಅಂದರು. ಒಡಹುಟ್ಟಿದ ತಮ್ಮ ರೇವಣ್ಣ ಕೂಡ ಅಕ್ಕನನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಹೊಟ್ಟೆಗೆ ಮಂಡಕ್ಕಿ ಇತ್ತು, ಅದಕ್ಕವಳು ಅಳಲಿಲ್ಲ. ತಮ್ಮ ಮುಖ ತಿರುಗಿಸಿದ್ದಕ್ಕೆ ಮಾತ್ರ ಭಟ್ಟಿ ಮುಂದೆ ಕೂತು ಅತ್ತಳಂತೆ. ಕೇಳಿದವರಿಗೆ ಹೊಗೆ ಅಂದಳಂತೆ.

ಜಗಳದ ಸುದ್ದಿ ರಾಜನ ಕಿವಿಗೆ ಬಿತ್ತು. ಆ ರಾಜನೋ, ಕೋಪ ಸ್ವಲ್ಪ ಜಾಸ್ತಿ, ಹಸಿವು ಅದಕ್ಕಿಂತ ಜಾಸ್ತಿ. ಕುದುರೆ ಏರಿ ಬಂದವನೇ ಬಯಲಲ್ಲಿ ಎಲ್ಲರನ್ನೂ ಕೂಡಿಸಿದ.

"ಮೊದಲು ಕೈ ಎತ್ತಿದವರು ಯಾರು ಅಂತ ಇವತ್ತು ತೀರ್ಮಾನ ಆಗ್ಬೇಕು. ತಪ್ಪು ಯಾವ ಕೇರಿಯದೋ ಆ ಕೇರಿ ಪೂರ್ತಿ ಗಂಟುಮೂಟೆ ಕಟ್ಟಿ ನನ್ನ ರಾಜ್ಯ ಬಿಟ್ಟು ಹೋಗ್ಬೇಕು. ನೋಡಿದೋಳು ಯಾರಮ್ಮ? ಮುಂದೆ ಬಾ!"

ನೀಲಗಂಗವ್ವ ಮುಂದೆ ಬಂದಳು. ಅತ್ತ ನೋಡಿದರೆ ತೊಟ್ಟಿಲಲ್ಲಿ ಆಡಿಸಿದವರು, ಇತ್ತ ನೋಡಿದರೆ ಗಂಡ ಸತ್ತಾಗ ಕಣ್ಣೀರು ಒರೆಸಿದವರು. ಇವರಲ್ಲಿ ಅರ್ಧ ಜನ ನಾಳೆ ಇರುವುದಿಲ್ಲ!

"ಬುದ್ಧಿ, ಮೊದಲ ಕೈ ಯಾರದು ಅಂತ ನಾನು ನೋಡ್ಲಿಲ್ಲ. ಆದರೆ ಅವತ್ತು ಏನಾಯ್ತು ಅಂತ ಇವರ ಬಾಯಿಂದಾನೇ ಹೇಳಿಸ್ತೀನಿ. ಒಂದೇ ಒಂದು ಕಟ್ಟಳೆಗೆ ನೀವು ಅಪ್ಪಣೆ ಕೊಡಿಸ್ಬೇಕು."

"ಏನದು?"

"ಇವರು ಇವರ ನೋವು ಹೇಳೋ ಹಾಗಿಲ್ಲ. ಬರಮಗೌಡ್ರು ಸಾತಗೌಡ್ರ ನೋವು ಹೇಳ್ಬೇಕು, ಸಾತಗೌಡ್ರು ಬರಮಗೌಡ್ರ ನೋವು ಹೇಳ್ಬೇಕು. 'ಹೌದು, ಸರಿಯಾಗಿ ಹೇಳಿದ್ರಿ' ಅಂತ ಎದುರಿನೋರು ಒಪ್ಪೋವರೆಗೂ ಬಿಡಬಾರದು. ಅಲ್ಲೀವರೆಗೂ ಯಾರೂ ಊಟಕ್ಕೆ ಏಳಬಾರದು."

"ಇದೇನು ಮಹಾ! ಆಗಲಿ" ಅಂದ ರಾಜ. ಊಟದ ಮಾತನ್ನು ಅವನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಬರಮಗೌಡ ಎದ್ದು ಮೀಸೆ ತಿರುವಿದ. "ಇವರಿಗೆ ನಮ್ಮ ಡೊಳ್ಳು ಕಂಡ್ರೆ ಹೊಟ್ಟೆಕಿಚ್ಚು. ಅದೇ ಇವರ ನೋವು."

"ಅಲ್ಲ!" ಅಂದ ಸಾತಗೌಡ.

"ಇವರಿಗೆ ಕೂತಲ್ಲೇ ನಿದ್ದೆ ಮಾಡೋ ಚಟ. ಡೊಳ್ಳಿನ ಸದ್ದಿಗೆ ಎಚ್ಚರ ಆಗುತ್ತೆ."

ಜನ ಗೊಳ್ಳನೆ ನಕ್ಕರು. "ಅಲ್ಲ!" ಅಂದ ಸಾತಗೌಡ.

ಬರಮಗೌಡ ಏನೇನೋ ಹೇಳಿದ. ಅಲ್ಲ, ಅಲ್ಲ, ಅಲ್ಲ. ಬಿಸಿಲು ನೆತ್ತಿಗೆ ಬಂತು. ರಾಜನ ಹೊಟ್ಟೆ ಗುರ್ ಅಂದಿದ್ದು ಹಿಂದಿನ ಸಾಲಿಗೂ ಕೇಳಿಸಿತಂತೆ.

"ಬರಮಗೌಡ್ರೆ, ಗೊತ್ತಿಲ್ದಿದ್ರೆ ಅವರನ್ನೇ ಕೇಳ್ಬಾರದಾ?" ಅಂದಳು ನೀಲಗಂಗವ್ವ.

ಹಸಿದ ಗೌಡ ಬೇರೆ ದಾರಿ ಕಾಣದೆ ಸಾತಗೌಡನ ಕಡೆ ತಿರುಗಿದ. "ನೀವು ಬಾಯಿ ಮುಚ್ಚಿ ಕೂರೋದು ಯಾಕ್ರೀ? ನಿಜ ಹೇಳಿ."

ಸಾತಗೌಡ ಮೆತ್ತಗೆ ಹೇಳಿದ. "ನಮ್ಮ ಮುತ್ತಜ್ಜಿ ಕಾಲದಲ್ಲಿ ಬರ ಬಂದಿತ್ತಂತೆ. ಬೇಡಿಕೊಳ್ಳೋಕೂ ಬಾಯಲ್ಲಿ ಪಸೆ ಇಲ್ಲ. ಸುಮ್ಮನೆ ತಾಯಿ ಮುಂದೆ ಹೋಗಿ ಕೂತರಂತೆ. ಮಳೆ ಬಂತು. ಅಲ್ಲಿಂದ ಕಷ್ಟ ಬಂದಾಗೆಲ್ಲ ನಾವು ಹಾಗೇ ಕೂರ್ತೀವಿ. ಅವತ್ತು ನನ್ನ ತಮ್ಮನ ಮಗಳಿಗೆ ವಿಪರೀತ ಜ್ವರ. ಕಣ್ಣೇ ಬಿಡ್ತಿರಲಿಲ್ಲ. ಅದಕ್ಕೆ ಕೂತಿದ್ವಿ."

ಬರಮಗೌಡನ ಮೀಸೆ ಇಳಿಯಿತು. "ಮಗುಗೆ ಜ್ವರ ಅಂತ ಒಂದು ಮಾತು ಹೇಳ್ಬಾರದಾಗಿತ್ತಾ?"

"ಹೇಳೋದು ಹೆಂಗೆ? ಮೌನದಲ್ಲಿದ್ವಲ್ಲ!"

ಎಲ್ಲೋ ಒಬ್ಬಳು ಮುದುಕಿ ಕಿಸಕ್ಕೆಂದಳು, ಹಿಂದೆಯೇ ಎರಡೂ ಕೇರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಾತಗೌಡನಿಗೂ ತಡೆಯಲಾಗಲಿಲ್ಲ.

"ಈಗ ಮಗು ಹೇಗಿದೆ?" ಅಂದ ಬರಮಗೌಡ.

"ಅಗೋ, ನಿಮ್ಮ ಹುಣಸೆ ಮರದ ಮೇಲಿದೆ. ನೀವು ಬೇಡ ಅಂದ್ರೂ ಇಳಿಯಲ್ಲ."

ಬರಮಗೌಡ ಎದ್ದು ನಿಂತು, ಸಾತಗೌಡನ ಮುತ್ತಜ್ಜಿಯ ಬರವನ್ನು, ಮಗುವಿನ ಜ್ವರವನ್ನು, ತಮ್ಮನ ಹಲ್ಲನ್ನು ತನ್ನ ಬಾಯಿಂದ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ತಗ್ಗಿತಂತೆ. ಸಾತಗೌಡ ತಲೆಯಾಡಿಸಿದ. "ಹೌದು. ಸರಿಯಾಗಿ ಹೇಳಿದ್ರಿ."

ಈಗ ಸಾತಗೌಡನ ಸರದಿ. ಅವನು ಬುದ್ಧಿವಂತ, ಸುಮ್ಮನೆ "ಅಲ್ಲ, ಅಲ್ಲ" ಅನ್ನಿಸಿಕೊಳ್ಳುತ್ತ ಕೂರಲಿಲ್ಲ. "ಆ ಡೊಳ್ಳು ಯಾರದು ಬರಮಗೌಡ್ರೆ?" ಅಂತ ನೇರವಾಗಿ ಕೇಳಿಬಿಟ್ಟ.

"ನಮ್ಮಪ್ಪಂದು" ಅಂದ ಬರಮಗೌಡ. "ಕಾಡಿಗೆ ಬೆಂಕಿ ಬಿದ್ದಾಗ ಊರನ್ನ ಎಬ್ಬಿಸಿದ ಡೊಳ್ಳು ಅದು. ಅಪ್ಪ ಹೋಗೋ ಮುಂಚೆ ಅವರ ಕೈಯಾರೆ ಚರ್ಮ ಬಿಗಿದಿದ್ರು. ಅವರು ಹೋದ ಮೇಲೆ ನಾನು ಅದನ್ನ ಹೆಗಲಿಗೆ ಹಾಕ್ಕೊಂಡಿದ್ದು ಅವತ್ತೇ ಮೊದಲು." ಅಷ್ಟು ದೊಡ್ಡ ಗೌಡ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ.

"ನಿಮ್ಮಪ್ಪನ ಡೊಳ್ಳು ಅಂತ ಯಾಕೆ ಹೇಳ್ಲಿಲ್ಲ?"

"ಕೂಗಿ ಕೂಗಿ ಹೇಳಿದೆ. ಡೊಳ್ಳಿನ ಸದ್ದಿಗೆ ನಿಮಗೆ ಕೇಳಿಸಿರಲಿಕ್ಕಿಲ್ಲ!"

ಮತ್ತೆ ನಗು. ಈ ಸಲ ರಾಜನೂ ನಕ್ಕ. ಸಾತಗೌಡ ಆ ಡೊಳ್ಳಿನ ಕತೆಯನ್ನು ಮೊದಲಿಂದ ಕೊನೆವರೆಗೆ ಹೇಳಿದ. ಬೆಂಕಿ ಬಿದ್ದಾಗ ತನ್ನ ಅಜ್ಜನೂ ಆ ಸದ್ದಿಗೇ ಎದ್ದು ಓಡಿ ಉಳಿದುಕೊಂಡದ್ದು ಎಂದು ತಾನೇ ಸೇರಿಸಿದ. ಬರಮಗೌಡ "ಹೌದು, ಸರಿಯಾಗಿ ಹೇಳಿದ್ರಿ" ಅಂದ.

"ಎಲ್ಲ ಸರಿ. ಮೊದಲು ಕೈ ಎತ್ತಿದ್ದು ಯಾರು?" ಅಂದ ರಾಜ.

ಗೌಡರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದು ನಮ್ಮನಮ್ಮಲ್ಲಿ ಬಗೆಹರೀತು ಬುದ್ಧಿ" ಅಂದರಂತೆ ಇಬ್ಬರೂ. "ಹಂಗಾದ್ರೆ ಯಾವ ಕೇರಿಯೂ ಊರು ಬಿಡೋದು ಬೇಡ" ಅಂದ ರಾಜ.

ಆದರೆ ಪೂಜೆ ಹೇಗೆ? ಅಲ್ಲಿ ಮತ್ತೆ ಸಂತೆಯ ಚೌಕಾಸಿ ಶುರುವಾಯಿತು. ಗುಡ್ಡ ಹತ್ತುವಾಗ ಡೊಳ್ಳು ಬಡಿಯೋದು, ತಾಯಿ ಮುಂದೆ ಸುಮ್ಮನಿರೋದು, ಇಳಿಯುವಾಗ ಮತ್ತೆ ಡೊಳ್ಳು ಅಂತ ಒಪ್ಪಿದರು. ಸುಮ್ಮನಿರೋದು ಎಷ್ಟು ಹೊತ್ತು? "ಎಲೆಅಡಿಕೆ ಜಗಿಯೋಷ್ಟು ಹೊತ್ತು" ಅಂದರು ಡೊಳ್ಳಿನವರು. "ಇಲ್ಲ, ಹುರುಳಿ ಬೇಯೋಷ್ಟು ಹೊತ್ತು" ಅಂದರು ಮೌನದವರು. ಎಳೆದಾಡಿ ಎಳೆದಾಡಿ ಹೊತ್ತು ಇಳಿಯತೊಡಗಿತು.

"ಅನ್ನ! ಅನ್ನ ಬೇಯೋಷ್ಟು ಹೊತ್ತು! ಮುಗೀತು!" ಅಂತ ಕೂಗಿದ ರಾಜ, ಹಸಿವು ತಾಳಲಾರದೆ. ಡೊಳ್ಳಿನವರು ಜಾಸ್ತಿಯಾಯಿತು ಅಂತ ಗೊಣಗಿದರು, ಮೌನದವರು ಕಡಿಮೆಯಾಯಿತು ಅಂತ ಗೊಣಗಿದರು. ಇಬ್ಬರೂ ಒಪ್ಪಿದರು. ಎರಡೂ ಕೇರಿಯಲ್ಲಿ ಒಪ್ಪದ ಮುದುಕರು ಒಬ್ಬೊಬ್ಬರು ಉಳಿದರಂತೆ. ಅವರು ಸಾಯುವವರೆಗೂ ಒಪ್ಪಲಿಲ್ಲ. ಜಗಲಿ ಮೇಲೆ ಒಟ್ಟಿಗೆ ಕೂತು ಊರನ್ನು ಬೈಯುತ್ತಿದ್ದರು, ಅಷ್ಟೇ.

ನೀಲಗಂಗವ್ವ ಮಾರಾಟವಾಗದೆ ಉಳಿದಿದ್ದ ಮಂಡಕ್ಕಿಯನ್ನೆಲ್ಲ ಚೀಲಗಟ್ಟಲೆ ಹೊರಗೆ ಸುರಿದು, ಎಣ್ಣೆ ಖಾರ ಕಲಸಿದಳು. ರಾಜ ಬೊಗಸೆಯಲ್ಲೇ ಮುಕ್ಕಿದ. ಹಸಿದವರು ಯಾರ ಪಕ್ಕ ಕೂತಿದ್ದೀವಿ ಅಂತ ನೋಡಲಿಲ್ಲ. ರೇವಣ್ಣ ಬಂದು ಅಕ್ಕನ ಮುಂದೆ ಕೈಯೊಡ್ಡಿ ನಿಂತ. ಅವಳು ಎರಡು ಬೊಗಸೆ ಹಾಕಿದಳು. ಅಕ್ಕನ ಕಣ್ಣಲ್ಲಿ ನೀರು ನೋಡಿ ಅವನು, "ಭಟ್ಟಿ ಆರಿದೆಯಲ್ಲಕ್ಕ, ಹೊಗೆ ಎಲ್ಲಿಂದ ಬಂತು?" ಅಂದನಂತೆ. ಅಕ್ಕ ತಲೆಗೊಂದು ಮೊಟಕಿದಳು.

ಅಂದಿನಿಂದ ಆ ಊರಲ್ಲಿ ಕುರಿ ಹೊಲ ಮೇಯ್ದರೂ, ಅತ್ತೆ ಸೊಸೆಗೆ ಮಾತು ಬೆಳೆದರೂ ಅದೇ ಕಟ್ಟಳೆ ಆಯಿತಂತೆ: "ಮೊದಲು ನನ್ನ ಮಾತು ನೀನು ಹೇಳು, ನಿನ್ನ ಮಾತು ನಾನು ಹೇಳ್ತೀನಿ."

ಒಂದು ಸಲ ನೀಲಗಂಗವ್ವನಿಗೂ ರೇವಣ್ಣನಿಗೂ ಕುಂಬಳಬಳ್ಳಿಯ ಮೇಲೆ ಜಗಳ ಬಿತ್ತು. ಜನ ಇಬ್ಬರನ್ನೂ ಕೂರಿಸಿದರು. ನೀಲಗಂಗವ್ವ ತಮ್ಮನ ಮಾತು ಹೇಳಿದಳು. "ಅಲ್ಲ" ಅಂದ ರೇವಣ್ಣ. ಇನ್ನೊಂದು ಥರ ಹೇಳಿದಳು. "ಅಲ್ಲಕ್ಕ." ಮತ್ತೊಂದು ಥರ ಹೇಳಿದಳು. "ಅಲ್ಲವೇ ಅಲ್ಲ." ಹೊತ್ತು ಮುಳುಗುತ್ತ ಬಂತು, ಹೊಟ್ಟೆ ಚುರುಗುಟ್ಟಿತು. ನೀಲಗಂಗವ್ವ ಸಿಟ್ಟಿನಿಂದ ಎದ್ದು ನಿಂತು ಸೆರಗು ಸಿಕ್ಕಿಸಿ ಕೂಗಿದಳಂತೆ:

"ಈ ಹಾಳು ಕಟ್ಟಳೆ ಮಾಡಿದೋರು ಯಾರ್ರೀ?"

ಊರಿಗೆ ಊರೇ ನಕ್ಕಿತು ನೋಡಿ, ಆ ನಗು ಗುಡ್ಡದ ತಾಯಿಗೂ ಕೇಳಿಸಿತಂತೆ. ಅವರು ನಗುತ್ತ ಅವರ ಊರಲ್ಲಿ ಉಳಿದರು, ನಾವು ಕೇಳುತ್ತ ನಮ್ಮ ಊರಲ್ಲಿ ಉಳಿದೆವು. ಕತೆ ಗುಡ್ಡ ಹತ್ತಿ ಹೋಯಿತು, ನೀವಿನ್ನು ಚಾಪೆ ಮಡಚಿ ಏಳಿ.